ಮಂದಿ ಇಲ್ಲದ ಕಡಲದಂಡಿ, ದೊಡ್ಡ ತೆರಿ, ಉಸುಕಿನ ದಿಬ್ಬ: ಜಮಖಂಡಿಯಿಂದ ಹೊಂಟವರಿಗೆ ಒಂದಿಷ್ಟು ಮಾತು

ಪ್ರಶ್ನೆ: ಎಳ್ಳ ಅಮಾಸಿ ಮುಗಿಸಿ ಮನಿ ಮಂದಿ ಎಲ್ಲ ಒಂದು ಕ್ರೂಸರ್ ಮಾಡ್ಕೊಂಡು ಸಮುದ್ರಕ್ಕ ಹೋಗೂನು ಅಂತ ಮಾಡೇವಿ. ಗೋಕರ್ಣ, ಮುರುಡೇಶ್ವರ ನೋಡಿದ್ದ ಆಗೇತಿ, ಈ ಸಲ ಮಂದಿ ಇಲ್ಲದ ಕಡೆ, ದೊಡ್ಡ ತೆರಿ ಬರೋ ಕಡೆ, ಹಿಂದ ಉಸುಕಿನ ದಿಬ್ಬ ಇರೋ ಕಡೆ ಹೋಗಬೇಕಂತ ಹುಡುಗರ ಹಟ. ನಮ್ಮ ಯಜಮಾನರು, ಮೈದುನ ಇಬ್ಬರೂ ಕೃಷ್ಣಾ ಹೊಳ್ಯಾಗ ಈಸಿ ಬೆಳೆದವರು. ಅತ್ತಿಯವರೂ ಬರ್ತಾರ, ಇಬ್ಬರು ಸಣ್ಣ ಹುಡುಗರು ಅದಾರ. ಎಲ್ಲಿ ಹೋಗೂದು ಚಲೋ, ನೀರಿಗೆ ಇಳೀಬಹುದೇನು, ದಿಬ್ಬದ ಮ್ಯಾಲಿಂದ ಹುಡುಗರು ಜಾರಬಹುದೇನು, ಗಾಡಿ ದಂಡಿತನಕ ಹೋಗತೈತೇನು? (ಜಮಖಂಡಿಯ ಒಬ್ಬ ಓದುಗರು)

ಉತ್ತರ:

ಅಕ್ಕಾರ, ಮೊದಲ ನೀರಿನ ಮಾತು ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲೆ. ಅಂಥಾ ದಂಡ್ಯಾಗ ಮೊಣಕಾಲು ಮುಳುಗೂವಷ್ಟು ನೀರಿಗೆ ಯಾರೂ ಇಳಿಯೂದು ಬ್ಯಾಡ, ಹೊಳ್ಯಾಗ ಈಸಿದ ನಿಮ್ಮ ಯಜಮಾನರೂ ಬ್ಯಾಡ, ಮೈದುನಾರೂ ಬ್ಯಾಡ. ಆದ್ರ ಹೋಗೂದು ಮಾತ್ರ ತಪ್ಪಿಸಬ್ಯಾಡ್ರಿ, ಅಂಥಾ ಜಾಗಾ ನೋಡೂದು ಹುಡುಗರಿಗೆ ಒಂದು ದೊಡ್ಡ ಪಾಠ, ನಮ್ಮ ಕಡೆ ಕಪ್ಪು ಎರಿ ಹೊಲದಾಗ ಬೆಳೆದ ಹುಡುಗರಿಗಂತೂ ಅಷ್ಟು ಅಗಲ ನೀರು, ಅಷ್ಟು ಉಸುಕು ನೋಡಿದ್ರ ದಿನಗಟ್ಟಲೆ ಅದ ಮಾತು ಇರತೈತಿ.

ನಾನು ಭೂಗೋಳ ಕಲಿಸಾಂವ, ಇರೂದು ವಿಜಯಪುರದಾಗ ಆದ್ರೂ ಅಭ್ಯಾಸ ಮಾಡಿದ್ದೆಲ್ಲ ಕಡಲದಂಡಿ ಉಸುಕಿನ ಮ್ಯಾಲೆ, ಹಿಂಗಾಗಿ ಈ ಪ್ರಶ್ನೆ ನಮ್ಮ ಕಡೆ ಮಂದಿಯಿಂದ ನನಗ ಪದೇ ಪದೇ ಬರತೈತಿ. ಮತ್ತ ಪ್ರತಿ ಸಲ ನನಗ ಹೆದರಿಕಿ ಆಗೂದು "ನಮ್ಮವರಿಗೆ ಈಸಾಕ ಬರತೈತಿ" ಅನ್ನೂ ಮಾತಿಗೇನ. 2017ರ ಏಪ್ರಿಲ್‌ದಾಗ ಮಾಲ್ವಣ ಹತ್ತಿರ ವಾಯರಿ ಬೀಚಿನ್ಯಾಗ ಬೆಳಗಾವಿಯ ಎಂಟು ಮಂದಿ ಇಂಜಿನಿಯರಿಂಗ್ ಕಾಲೇಜಿನವರು ಹೋಗಿಬಿಟ್ರು, ಹೆಚ್ಚಿನವರು ಹರೇದ ಹುಡುಗ ಹುಡುಗ್ಯಾರು, ಮಳೆಗಾಲ ಅಲ್ಲ ಏನಲ್ಲ. 2024ರ ಡಿಸೆಂಬರ್‌ದಾಗ ಮುರುಡೇಶ್ವರದಾಗ ಶಾಲಿ ಪ್ರವಾಸಕ್ಕ ಬಂದಿದ್ದ ಕೋಲಾರ ಜಿಲ್ಲಾದ ನಾಲ್ಕು ಹೆಣ್ಣುಮಕ್ಕಳು ಹೋದ್ರು, ಅದು ಮಂದಿ ತುಂಬಿದ ಬೀಚು, ಮತ್ತ ನೀವು ಹೋಗಬೇಕಂತಿರೋ ಅದ ಡಿಸೆಂಬರ್-ಜನವರಿ ಸೀಜನ್. ಮಂದಿ ಇದ್ದಲ್ಲೇ ಹಿಂಗಾದ್ರ, ಲೈಫ್‌ಗಾರ್ಡ್ ಇಲ್ಲ, ಬೋಟ್ ಇಲ್ಲ, ಬಾವುಟ ಇಲ್ಲ, ಕೂಗಿದ್ರ ಕೇಳಾಕ ಯಾರೂ ಇಲ್ಲ ಅನ್ನೂ ಕಡೆ ಏನು ಮಾಡ್ತೀರಿ? ನೀವು ಯಾವ ಕಾರಣಕ್ಕ ಆ ಜಾಗಾ ಬೇಕು ಅಂತೀರಿ, ಅಂದ್ರ ಅಲ್ಲಿ ಯಾರೂ ಇಲ್ಲ ಅಂತ, ಅಪಾಯಕ್ಕೂ ಅದ ಕಾರಣ. ಅದಕ್ಕ ಅಲ್ಲಿ ಲೈಫ್‌ಗಾರ್ಡ್ ಮಾಡೋ ಕೆಲಸ ನೀವ ಮಾಡಬೇಕು, ಅಂದ್ರ ನೀರು ಓದಾಕ ಕಲೀಬೇಕು.

ಹೊಳೀಗೂ ಕಡಲಿಗೂ ಏನು ಫರಕು ಅಂದ್ರ, ಕೃಷ್ಣಾ ಒಂದ ಕಡೆ ಹರಿತಾಳ, ಸೆಳುವು ಎಲ್ಲಿಂದ ಎಲ್ಲಿಗೆ ಅನ್ನೂದು ಇಳಿಯೂಕಿಂತ ಮೊದಲ ಗೊತ್ತಿರತೈತಿ, ಈಸಾಂವ ಅಡ್ಡ ಹೊಡದು ದಂಡಿಗೆ ಬರ್ತಾನ. ಕಡಲದಾಗ ತೆರಿ ಒಂದರ ಹಿಂದ ಒಂದು ನೀರನ್ನ ದಂಡಿಗೆ ದಬ್ಬತಾವ. ಆ ನೀರು ಎಲ್ಲೇರ ವಾಪಸ್ ಹೋಗಲೇಬೇಕಲ್ಲ? ದಂಡಿಯಿಂದ ಸ್ವಲ್ಪ ದೂರದಾಗ ನೀರಿನ ತಳಕ್ಕ ಉಸುಕಿನ ಒಡ್ಡು ಇರತಾವ, ತೆರಿ ಒಡೆಯೂದು ಆ ಒಡ್ಡಿನ ಮ್ಯಾಲೇನ. ಹೊಲದಾಗ ಮಳಿ ನೀರು ತುಂಬಿ, ಒಡ್ಡು ಎಲ್ಲಿ ತಗ್ಗಿರತೈತೋ ಅಲ್ಲೇ ಕಿತ್ತು ಹರಿತೈತಿ ನೋಡ್ರಿ, ಹಂಗ ದಬ್ಬಿದ ನೀರೆಲ್ಲ ಒಡ್ಡಿನ ಒಂದು ಸಂದಿ ಹಿಡಕೊಂಡು ಜೋರಾಗಿ ಕಡಲಿಗೆ ವಾಪಸ್ ಹರಿತೈತಿ. ಇದಕ್ಕ ರಿಪ್ ಕರೆಂಟ್ ಅಂತಾರ, ದಂಡಿ ಮಂದಿ ಸೆಳೆತ ಅಂತಾರ. ಸಾಮಾನ್ಯ 10-30 ಮೀಟರ್ ಅಗಲ ಇರತೈತಿ. ಜೋರಾದಾಗ ಸೆಕೆಂಡಿಗೆ ಎರಡು ಮೀಟರ್‌ತನಕ ಹೋಗತೈತಿ, ಒಲಿಂಪಿಕ್ಸ್‌ದಾಗ ನೂರು ಮೀಟರ್ ಈಸಾವರ ವೇಗಾನೂ ಹೆಚ್ಚು ಕಡಿಮಿ ಅಷ್ಟ. ಅದರ ಎದುರು ಈಸಿ ದಂಡಿಗೆ ಬರ್ತೀನಿ ಅನ್ನಾವ ದಣದು ಮುಳುಗತಾನ, ಅವನ ಈಸು ಎಷ್ಟ ಚಲೋ ಇರಲಿ.

ಇಲ್ಲಿ ಎಲ್ಲರೂ ಮೋಸ ಹೋಗೂ ಸಂಗತಿ ಒಂದೈತಿ. ತೆರಿ ಒಡದು ಬೆಳ್ಳಗ ನೊರಿ ಎದ್ದ ಕಡೆ ನೋಡಿದ್ರ ಹೆದರಿಕಿ ಆಗತೈತಿ, ಅದರ ಬಾಜೂಕ ಒಂದು ಪಟ್ಟಿ ನೀರು ಶಾಂತ ಇರತೈತಿ, ತೆರೀನ ಒಡಿಯೂದಿಲ್ಲ, ಬಣ್ಣ ಸ್ವಲ್ಪ ಗಾಢ ಇರತೈತಿ. ಹುಡುಗರನ್ನ ಕರಕೊಂಡು ಹೋದವರು "ಇಲ್ಲಿ ತೆರಿ ಇಲ್ಲ, ಇಲ್ಲೇ ಆಡ್ರಿ" ಅಂತ ಅಲ್ಲೇ ಇಳಿಸ್ತಾರ. ಆ ಶಾಂತ ಪಟ್ಟೀನ ಸೆಳೆತ. ಅಲ್ಲಿ ತಳ ಆಳ ಇರೂದಕ್ಕ ತೆರಿ ಒಡಿಯೂದಿಲ್ಲ. ಇದೊಂದು ಮಾತು ಗಾಡ್ಯಾಗ ಕುಂತವರಿಗೆಲ್ಲ ಹೇಳಿ ಇಟ್ಟಿರ್ರಿ, ಅತ್ತಿಯವರಿಗೂ ಹೇಳ್ರಿ, ಯಾಕಂದ್ರ ಹುಡುಗರ ಮ್ಯಾಲೆ ಕಣ್ಣಿಡೂದು ಹೆಚ್ಚಾಗಿ ಅವರ.

ಅದಕ್ಕ ನಾನು ಹೇಳೂದು, ಹೋದ ತಕ್ಷಣ ಚಪ್ಪಲಿ ಬಿಚ್ಚಿ ನೀರಿಗೆ ಓಡೂದಲ್ಲ, ಎತ್ತರದಾಗ ಕುಂತು ಒಂದರ್ಧ ತಾಸು ನೀರು ನೋಡ್ರಿ. ಹಿಂದ ದಿಬ್ಬ ಇರೋ ದಂಡಿ ಇದಕ್ಕ ಭಾಳ ಅನುಕೂಲ, ದಿಬ್ಬ ದಾಟೂ ಕಾಲುದಾರಿ ಎತ್ತರದಾಗ ಬಂದಲ್ಲಿ ನಿಂತು ನೋಡಿದ್ರ ಕೆಳಗ ಕಾಣಲಾರದ್ದು ಎಲ್ಲ ಕಾಣತೈತಿ. ಬಿಳಿ ನೊರಿ ಸಾಲಿನ್ಯಾಗ ಎಲ್ಲಿ ಖಾಲಿ ಬಿಟ್ಟೈತಿ, ನೊರಿ, ಎಲಿ, ಕಸ ಯಾವ ಕಡೆ ಕಡಲೊಳಗ ಹೊಂಟೈತಿ, ಉಸುಕು ಕಲಿಸಿದ ನೀರು ಒಳಗ ಎಲ್ಲಿತನಕ ಚಾಚೇತಿ, ಇವನ್ನ ನೋಡ್ರಿ. ಅನುಮಾನ ಬಂದ್ರ ಒಂದು ತೆಂಗಿನ ಸಿಪ್ಪಿ ನೀರಿಗೆ ಒಗದು ಎಲ್ಲಿಗೆ ಹೋಗತೈತಿ ನೋಡ್ರಿ, ಹುಡುಗರಿಗೆ ಅದೂ ಒಂದು ಆಟ ಆಗತೈತಿ. ಮತ್ತ ಅರ್ಧ ತಾಸು ಯಾಕಂದ್ರ, ತೆರಿ ಎಲ್ಲಾ ಒಂದ ಸಮ ಬರೂದಿಲ್ಲ, ಸಣ್ಣವು ಬಂದು ಬಂದು ಕೆಲವು ನಿಮಿಷಕ್ಕೊಮ್ಮೆ ನಾಕೈದು ದೊಡ್ಡವು ಗುಂಪಾಗಿ ಬರತಾವ. ಎರಡು ನಿಮಿಷ ನೋಡಿ "ಸಣ್ಣದೈತಿ" ಅಂದವರಿಗೆ ಆ ಗುಂಪು ಬಂದಾಗ ಕಾಲಾಗ ನೆಲ ಇರೂದಿಲ್ಲ. ಬೆನ್ನು ಕಡಲಿಗೆ ಮಾಡಿ ಫೋಟೋ ತಗೊಳ್ಳೂದಂತೂ ಬ್ಯಾಡ್ರಿ, ಬಂಡಿಗಲ್ಲಿನ ಮ್ಯಾಲೆ ನಿಂತಂತೂ ಬ್ಯಾಡವೇ ಬ್ಯಾಡ.

ಗಾಳಿ ಇಲ್ಲ, ಬಿಸಲು ಚಲೋ ಬಿದ್ದೈತಿ, ಆದ್ರೂ ತೆರಿ ದೊಡ್ಡದು ಯಾಕ ಅಂತ ಕೇಳ್ತಾರ. ಸಾವಿರಾರು ಕಿಲೋಮೀಟರ್ ದೂರ, ದಕ್ಷಿಣದ ಮಹಾಸಾಗರದಾಗ ಬಿರುಗಾಳಿ ಎದ್ದು ಹುಟ್ಟಿದ ತೆರಿ ದಿನಗಟ್ಟಲೆ ನಡದು ನಮ್ಮ ದಂಡಿಗೆ ಮುಟ್ಟತಾವ, ಇಲ್ಲಿಯ ಮುಗಿಲು ನೋಡಿ ಅದು ತಿಳಿಯೂದಿಲ್ಲ. ಹೈದರಾಬಾದಿನ ಇಂಕಾಯ್ಸ್ ಅನ್ನೂ ಸರ್ಕಾರಿ ಸಂಸ್ಥೆ ರಾಜ್ಯವಾರು ದೊಡ್ಡ ತೆರಿ ಎಚ್ಚರಿಕೆ ಕೊಡತೈತಿ, ಹೋಗೂ ಹಿಂದಿನ ದಿನ ಮೊಬೈಲಿನ್ಯಾಗ ನೋಡ್ರಿ, ಎಚ್ಚರಿಕೆ ಇದ್ರ ಅವತ್ತು ದಿಬ್ಬದ ಮ್ಯಾಲಿಂದಾನ ನೋಡಿ ವಾಪಸ್ ಬರ್ರಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಬ್ಯಾರೆ ಹೇಳಬೇಕು. ನಮ್ಮವರು ಸೀರಿ ಉಟ್ಟಾಗೇನ ನೀರಿಗೆ ಇಳೀತಾರ. ಇಳಿಜಾರು ಜಾಸ್ತಿ ಇರೋ ದಂಡ್ಯಾಗ ತೆರಿ ದಂಡಿ ಮ್ಯಾಲೇನ ದಬ್ಬ್ ಅಂತ ಬೀಳತೈತಿ, ಬಿದ್ದ ನೀರು ವಾಪಸ್ ಎಳಿಯೂವಾಗ ಕಾಲಡಿ ಉಸುಕು ಸರೀತೈತಿ, ತೊಯ್ದ ಸೀರಿ ಕಾಲಿಗೆ ಸುತ್ತತೈತಿ, ಮೊಣಕಾಲು ನೀರಿನ್ಯಾಗ ಬಿದ್ದವರು ಏಳಲಾರದ ಹಂಗ ಆಗತೈತಿ. ಅತ್ತಿಯವರಿಗೆ ಪಾದ ತೊಯ್ಸಬೇಕಂದ್ರ ಹಸಿ ಉಸುಕಿನ ಮ್ಯಾಲೆ ನಿಂದ್ರಿಸ್ರಿ, ತೆರಿ ತಾನ ಬಂದು ಮುಟ್ಟಿ ಹೋಗತೈತಿ. ಇಬ್ಬರು ಸಣ್ಣ ಹುಡುಗರಿಗೆ ಇಬ್ಬರು ದೊಡ್ಡವರು ಕೈ ಹಿಡದು ಇರಲಿ, ಫೋನ್ ಕೈಯಾಗ ಬ್ಯಾಡ.

ಇಷ್ಟೆಲ್ಲಾ ಹೇಳಿದ ಮ್ಯಾಲೂ ಯಾರೇರ ಸಿಕ್ಕೊಂಡ್ರ? ಸೆಳೆತ ತಳಕ್ಕ ಎಳಿಯೂದಿಲ್ಲ, ಹೊರಗ ಒಯ್ಯತೈತಿ ಅಷ್ಟ. ತೆರಿ ಒಡಿಯೂ ಸಾಲು ದಾಟಿದ ಮ್ಯಾಲೆ ಹೆಚ್ಚಾಗಿ ಅದರ ಜೋರು ಇಳೀತೈತಿ. ಎದುರು ಈಸಬಾರದು, ಅಂಗಾತ ತೇಲಬೇಕು, ಉಸಿರು ಹಿಡತಕ್ಕ ತಗೋಬೇಕು, ಕೈ ಎತ್ತಿ ಬೀಸಬೇಕು, ಆಮ್ಯಾಲೆ ದಂಡಿಗುಂಟ ಅಡ್ಡ ಈಸಿ ಬಿಳಿ ನೊರಿ ಇರೋ ಕಡೆ ಬಂದ್ರ ಅಲ್ಲಿ ತೆರೀನ ದಂಡಿಗೆ ದಬ್ಬತಾವ. ದಂಡಿ ಮ್ಯಾಲಿದ್ದವರು ಅವರ ಹಿಂದ ನೀರಿಗೆ ಹಾರಬ್ಯಾಡ್ರಿ. ಒಬ್ಬನ್ನ ಉಳಸಾಕ ಹೋಗಿ ಒಂದ ಮನಿಯವರು ಇಬ್ಬರು ಮೂವರು ಹೋಗೂದು ಎಷ್ಟು ಸಲ ಪೇಪರಿನ್ಯಾಗ ಓದೇವಿ. ಕೈ ಕೈ ಹಿಡದು ಸರಪಳಿ ಮಾಡೂದೂ ಬ್ಯಾಡ, ತೆರಿ ಹೊಡತಕ್ಕ ಅದು ಕಡೀತೈತಿ. ಐದು ಲೀಟರ್ ಎಣ್ಣಿ ಕ್ಯಾನ್ ಎರಡು, ಖಾಲಿ, ಬೂಚು ಬಿಗಿ ಮಾಡಿ, ಒಂದಕ್ಕ ಉದ್ದ ಹಗ್ಗ ಕಟ್ಟಿ ಗಾಡ್ಯಾಗ ಇಟಗೊಂಡು ಹೋಗ್ರಿ. ನಮ್ಮ ಹುಡುಗರು ಬಾವ್ಯಾಗ ಈಸು ಕಲಿಯೂದ ಬೆನ್ನಿಗೆ ಕ್ಯಾನ್ ಕಟಗೊಂಡು, ಅದನ್ನ ಒಗದ್ರ ಹಿಡಕೊಂಡು ತೇಲಾಕ ಸಾಕು. 112ಕ್ಕ ಫೋನ್ ಹಚ್ಚ್ರಿ, ಕರಾವಳಿ ಪೊಲೀಸರ ನಂಬರ್ 1093.

ಹೊರಗ ತಂದ ಮ್ಯಾಲೆ ನಮ್ಮ ಮಂದಿ ಹೊಟ್ಟಿ ಅದುಮತಾರ, ತಲೆಕೆಳಗ ಹಿಡದು ತಿರಗಸತಾರ. ಅದು ಬ್ಯಾಡ್ರಿ, ಹೊಟ್ಟ್ಯಾಗಿನ ನೀರು ಉಸಿರಿನ ನಳಿಗೆ ಬಂದು ಇನ್ನೂ ಕೆಟ್ಟ ಆಗತೈತಿ. ಉಸಿರು ಇಲ್ಲ ಅಂದ್ರ ಮೂಗು ಹಿಡದು ಬಾಯಿಗೆ ಬಾಯಿ ಹಚ್ಚಿ ಉಸಿರು ಊದ್ರಿ, ಆಮ್ಯಾಲೆ ಎದಿ ನಡುವ 30 ಸಲ ಒತ್ತಿ 2 ಸಲ ಊದೂದು, ದವಾಖಾನಿಯವರು ಬರೂತನಕ ನಿಲ್ಲಿಸಬ್ಯಾಡ್ರಿ. ಎಚ್ಚರ ಆಗಿ ಮಾತಾಡಿದ್ರೂ ದವಾಖಾನಿಗೆ ಕರಕೊಂಡು ಹೋಗಲೇಬೇಕು, ತಾಸುಗಟ್ಟಲೆ ಆದಮ್ಯಾಲೆ ಉಸಿರಾಟ ಕೆಡೂದು ಉಂಟು.

ಈಗ ದಿಬ್ಬದ ಮಾತು. ಹುಡುಗರು ಜಾರಬಹುದೇನು ಅಂದ್ರಿ. ಗಿಡ ಬಳ್ಳಿ ಇರೋ ದಿಬ್ಬದ ಮ್ಯಾಲೆ ಬ್ಯಾಡ್ರಿ, ಕೈ ಮುಗದು ಕೇಳ್ತೀನಿ. ದಿಬ್ಬ ಹೆಂಗ ಆಗತೈತಿ ಅನ್ನೂದು ಒಂದು ಸಲ ಹತ್ತಿರ ಕುಂತು ನೋಡಿದ್ರ ನೀವ ಹುಡುಗರನ್ನ ತಡೀತೀರಿ. ದಂಡಿಗೆ ಹತ್ತಿರದ ದಿಬ್ಬದ ಬುಡದಾಗ ಒಂದು ಹಬ್ಬು ಬಳ್ಳಿ ಇರತೈತಿ, ಎಲಿ ತುದಿ ನಡುವ ಸೀಳಿರತೈತಿ, ಮುಂಜಾನೆ ನೇರಳಿ ಬಣ್ಣದ ಹೂವು, ಬಿಸಲು ಏರಿದ ಮ್ಯಾಲೆ ಬಾಡತೈತಿ. ಅಡುಂಬು ಬಳ್ಳಿ ಅಂತಾರ. ಅದರ ಮುಂದ ಬಗ್ಗಿ ನೆಲಕ್ಕ ಕಣ್ಣು ತಂದು ನೋಡ್ರಿ, ಗಾಳಿಗೆ ಉಸುಕಿನ ಕಾಳು ಜಿಗಿತಾ ಜಿಗಿತಾ ಬರತಾವ, ಎಲೀಗೆ ಬಡದು ಅದರ ಹಿಂದ ಬೀಳತಾವ, ಒಂದೊಂದು ಎಲಿ ಹಿಂದೂ ಬೆರಳುದ್ದ ಉಸುಕಿನ ಬಾಲ ನಿಂತಿರತೈತಿ. ಉಸುಕು ಮುಚ್ಚಿದಂಗ ಬಳ್ಳಿ ಸಾಯೂದಿಲ್ಲ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮ್ಯಾಲೆ ಬರತೈತಿ, ಮತ್ತ ಉಸುಕು ಹಿಡಿತೈತಿ, ಮತ್ತ ಮ್ಯಾಲೆ ಬರತೈತಿ. ಆಳೆತ್ತರದ ದಿಬ್ಬ ಎದ್ದದ್ದು ಹಿಂಗ. ಅದರ ಜೋಡಿ ರಾವಣನ ಮೀಸೆ ಅನ್ನೂ ಮುಳ್ಳಿನಂಥ ಹುಲ್ಲು ಇರತೈತಿ, ಅದರ ದುಂಡನೆಯ ಬೀಜದ ಗೊಂಚಲು ಗಾಳಿಗೆ ದಂಡಿಗುಂಟ ಉರುಳಿಕೋತ ಹೋಗಿ ಎಲ್ಲಿ ನಿಂದರತೈತೋ ಅಲ್ಲಿ ಹುಟ್ಟತೈತಿ. ಬರಿಗಾಲಿಗೆ ಚುಚ್ಚತೈತಿ ಮತ್ತ, ದಿಬ್ಬದ ಹತ್ತಿರ ಚಪ್ಪಲಿ ಇರಲಿ.

ಒಂದ ಜಾಗಾದಾಗ ಹತ್ತಾರು ಮಂದಿ ತುಳದ್ರ ಆ ಬೇರು ಹರೀತಾವ, ಉಸುಕು ಬಿಡತೈತಿ, ಗಾಳಿ ಅಲ್ಲೇ ಕೊರದು ಬಾಯಿ ಮಾಡತೈತಿ, ಮುಂದಿನ ಮಳೆಗಾಲಕ್ಕ ತೆರಿ ಆ ಬಾಯಿಂದಾನ ಒಳಗ ಬರತೈತಿ. ದಿಬ್ಬದ ಹಿಂದ ಏನೈತಿ? ಮೀನುಗಾರರ ಮನಿ, ತೆಂಗು, ಸಿಹಿನೀರಿನ ಬಾವಿ. ಮಳೆಗಾಲದಾಗ ಕಡಲು ದಂಡಿ ಉಸುಕು ಕೊರದು ನೀರೊಳಗಿನ ಒಡ್ಡಿಗೆ ಒಯ್ಯತೈತಿ, ಮಳೆಗಾಲ ಮುಗದ ಮ್ಯಾಲೆ ಶಾಂತ ತೆರಿ ಅದನ್ನ ವಾಪಸ್ ತಂದು ಹಾಕತಾವ, ಈ ಕೊಡುಕೊಳ್ಳುವಿಕ್ಯಾಗ ಕಡಿಮಿ ಬಿದ್ದದ್ದನ್ನ ದಿಬ್ಬ ತನ್ನದರಾಗಿಂದ ಕೊಡತೈತಿ. ಹಿಂಗಾಗೇನ ಕರಾವಳಿ ನಿಯಂತ್ರಣ ವಲಯದ ಕಾನೂನಿನ್ಯಾಗ ಉಸುಕಿನ ದಿಬ್ಬ ಎಲ್ಲಕ್ಕಿಂತ ಬಿಗಿಯಾದ ಮೊದಲ ವರ್ಗದಾಗ ಬರತಾವ. ಹುಡುಗರಿಗೆ ಜಾರಬೇಕಂದ್ರ ತೆರಿ ಕೊರದು ಬಿಟ್ಟ ಬೋಳು ಉಸುಕಿನ ಸಣ್ಣ ಇಳಿಜಾರು ದಂಡ್ಯಾಗ ಸಿಗತಾವ, ಅಲ್ಲಿ ಜಾರಲಿ. ದಿಬ್ಬ ದಾಟಾಕ ಊರವರು ಓಡಾಡೂ ಕಾಲುದಾರಿ ಇದ್ದ ಇರತೈತಿ, ಎಲ್ಲರೂ ಅದರಾಗ ಒಬ್ಬರ ಹಿಂದ ಒಬ್ಬರು. ಇನ್ನೊಂದು, ದಿಬ್ಬದ ಬಗಲಿಗೆ ಗವಿ ತೋಡೂ ಆಟ ಮಾತ್ರ ಆಡಾಕ ಬಿಡಬ್ಯಾಡ್ರಿ, ಒಣ ಉಸುಕು ಕ್ಷಣದಾಗ ಕುಸೀತೈತಿ, ಒಳಗಿದ್ದ ಹುಡುಗನ್ನ ತಗಿಯೂದ್ರಾಗ ಹೊತ್ತು ಮೀರಿರತೈತಿ.

ನೀವು ಹೋಗೂ ಹೊತ್ತಿನ್ಯಾಗ ಕಡಲಾಮೆ ತತ್ತಿ ಇಡೂ ಸೀಜನ್ ಇರತೈತಿ, ಆಲಿವ್ ರಿಡ್ಲಿ ಅನ್ನೂ ಜಾತಿ. ರಾತ್ರಿ ದಂಡಿಗೆ ಬಂದು ದಿಬ್ಬದ ಬುಡದ ಹತ್ತಿರ ತೆಗ್ಗು ತೋಡಿ ನೂರರ ಮ್ಯಾಲೆ ತತ್ತಿ ಇಟ್ಟು, ಮುಚ್ಚಿ ಹೋಗತೈತಿ, 45ರಿಂದ 60 ದಿನಕ್ಕ ಮರಿ ಬರತಾವ. ಮುಂಜಾನೆ ನೀರಿನಿಂದ ದಿಬ್ಬದ ಕಡೆ ಹೋಗಿ ತಿರುಗಿ ಬಂದ ಅಗಲ ಗುರುತು ಕಂಡ್ರ ತುಳೀಬ್ಯಾಡ್ರಿ, ಅಗೀಬ್ಯಾಡ್ರಿ, ಹತ್ತಿರದ ಮೀನುಗಾರರಿಗೋ ಅರಣ್ಯ ಇಲಾಖೆಯವರಿಗೋ ಹೇಳ್ರಿ. ಮತ್ತ ಊಟದ ಎಂಜಲ ಅಲ್ಲೇ ಒಗದು ಬಂದ್ರ ನಾಯಿ ಸೇರತಾವ, ಆ ನಾಯಿಗಳ ತತ್ತಿ ಕೆದರಿ ತಿಂತಾವ. ಚೀಲಾ ಕಟ್ಟಿ ಎಲ್ಲಾ ವಾಪಸ್ ತರೂದು. ರಾತ್ರಿ ಉಳಕೊಂಡು ದಂಡ್ಯಾಗ ಬೆಂಕಿ, ಹೆಡ್‌ಲೈಟು ಹಚ್ಚೂದೂ ಬ್ಯಾಡ, ಮರಿಗಳು ಬೆಳಕಿನ ಕಡೆ ನಡೀತಾವ, ಕಡಲು ಬಿಟ್ಟು ದಿಬ್ಬ ಹತ್ತಿ ಸಾಯತಾವ.

ಯಾವಾಗ ಹೋಗಬೇಕು? ಜೂನ್‌ದಿಂದ ಸೆಪ್ಟೆಂಬರ್ ಹತ್ತಿರಾನೂ ಬ್ಯಾಡ, ಜೂನ್-ಜುಲೈ ಎರಡು ತಿಂಗಳು ಮಷೀನ್ ಬೋಟಿಗೇನ ಕಡಲಿಗೆ ಇಳಿಯೂ ಪರವಾನಗಿ ಇಲ್ಲ. ಡಿಸೆಂಬರ್‌ದಿಂದ ಫೆಬ್ರುವರಿ ಚಲೋ. ಅದರಾಗೂ ಮುಂಜಾನೆ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸತೈತಿ, ನೀರು ನುಣ್ಣಗಿರತೈತಿ, ಸೆಳೆತ ಓದಾಕೂ ಹಗುರ. ಮಧ್ಯಾಹ್ನ ಆದಂಗ ಕಡಲ ಗಾಳಿ ಎದ್ದು ಉಸುಕು ಹಾರಿ ಕಣ್ಣಿಗೆ ಬೀಳತೈತಿ, ನೀರು ಕದಡತೈತಿ. ಅಮಾಸಿ ಹುಣ್ಣಿಮಿ ಅಕ್ಕಪಕ್ಕ ಭರತಿ ದೊಡ್ಡದು, ಇಳಿತಾನೂ ದೊಡ್ಡದು, ಭರತಿಯಾಗ ಕೆಲವು ದಂಡ್ಯಾಗ ನೀರು ದಿಬ್ಬದ ಬುಡಕ್ಕ ಬಂದು ನಡಿಯಾಕ ಜಾಗಾ ಉಳಿಯೂದಿಲ್ಲ. ನೀವು ಎಳ್ಳ ಅಮಾಸಿಗೆ ಹೊಲದಾಗ ಚರಗ ಚೆಲ್ಲಿ ಮರುದಿನಾನ ಹೊಂಟ್ರ ಅದ ದೊಡ್ಡ ಭರತಿ ಸಿಗತೈತಿ. ಏಳೆಂಟು ದಿನ ಬಿಟ್ಟು, ಅಷ್ಟಮಿ ಹತ್ತಿರ ಹೋಗ್ರಿ. ಭರತಿ ವ್ಯಾಳ್ಯಾ ದಿನಾ ಸುಮಾರು 50 ನಿಮಿಷ ಮುಂದಕ್ಕ ಸರೀತೈತಿ, ಕಾರವಾರದ ಟೈಡ್ ಟೇಬಲ್, ಅಂದ್ರ ಭರತಿ-ಇಳಿತದ ವ್ಯಾಳ್ಯಾ ಪಟ್ಟಿ, ಮೊಬೈಲಿನ್ಯಾಗ ಸಿಗತೈತಿ.

ಎಲ್ಲಿ ಅನ್ನೂದಕ್ಕ ನನ್ನ ಅಭಿಪ್ರಾಯ, ಸಣ್ಣ ಹುಡುಗರು ಇರೂದ್ರಿಂದ ಪೂರ್ತಿ ನಿರ್ಜನ ಜಾಗಾ ಒಂದ ನಂಬಬ್ಯಾಡ್ರಿ. ಹೊನ್ನಾವರದ ಕಾಸರಕೋಡಿಗೆ ಹೋಗ್ರಿ, 2020ರಾಗ ಪಡುಬಿದ್ರಿ ಜೋಡಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೂ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕ ಬೀಚು ಅದು. ನೀರಿನ ಆಟ ಏನಿದ್ರೂ ಲೈಫ್‌ಗಾರ್ಡ್ ಡ್ಯೂಟಿ ಮ್ಯಾಲಿರೂವಾಗ ಅಲ್ಲೇ ಮುಗಿಸ್ರಿ, ಕೆಂಪು-ಹಳದಿ ಬಾವುಟ ಹಚ್ಚಿದ್ರ ಅವೆರಡರ ನಡುವ ಮಾತ್ರ, ಬರೇ ಕೆಂಪು ಇದ್ರ ಇಳಿಯೂದ ಇಲ್ಲ. ನೋಡಾಕ, ನಡಿಯಾಕ ಬೇಕಾದ್ರ ಕುಮಟಾದ ತೆಂಕಣಕ್ಕ ಧಾರೇಶ್ವರದ ಉದ್ದ ದಂಡಿ ಐತಿ. ದಾರಿ ಹಗುರ, ವಿಜಯಪುರದಿಂದ ಬರೂ 52ನೇ ಹೆದ್ದಾರೀನ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟು ಇಳದು ಅಂಕೋಲಾಕ್ಕ ಮುಟ್ಟತೈತಿ, ನೀವು ಹುಬ್ಬಳ್ಳಿಯಾಗ ಅದನ್ನ ಹಿಡೀರಿ, ರಾತ್ರಿ ಕುಮಟಾದಾಗ ಉಳದು ಮುಂಜಾನೆ ದಂಡಿಗೆ ಹೋಗ್ರಿ. ಬೆಳಗಾವಿ ಕಡೆಯವರು ಇದನ್ನ ಓದಿದ್ರ, ನಿಮಗ ಅಂಬೋಲಿ ಘಾಟು ಇಳದು ವೆಂಗುರ್ಲಾ, ಶಿರೋಡಾ ಹತ್ತಿರ. ಗಾಳಿಮರದ ತೋಪು, ಬಿಳಿ ಉಸುಕು, 1930ರ ಉಪ್ಪಿನ ಸತ್ಯಾಗ್ರಹ ನಡದ ಊರು ಶಿರೋಡಾ. ಚೋರ್ಲಾ ಘಾಟಿನ ಆ ಕಡೆ ಗೋವಾದ ಮೊರಜಿಮ್, ಮಾಂದ್ರೆಮ್ ದಿಬ್ಬಾನೂ ನೋಡೂವಂಥಾವು. ಮ್ಯಾಲೆ ಹೇಳಿದ್ದೆಲ್ಲ ಅಲ್ಲಿಗೂ ಅಷ್ಟ ಖರೆ.

ಎಲ್ಲಿ ಹೋದ್ರೂ ಮೊದಲ ಒಬ್ಬ ಮೀನುಗಾರರನ್ನ ಹುಡಕ್ರಿ. "ಅಣ್ಣಾರ, ಇಲ್ಲಿ ಸೆಳೆತ ಎಲ್ಲಿ ಐತ್ರಿ?" ಅಂತ ಕೇಳ್ರಿ, ಕೈ ಚಾಚಿ ತೋರಸತಾರ. ಅವರು ತೋರಿಸಿದ್ದು ನೀವು ದಿಬ್ಬದ ಮ್ಯಾಲಿಂದ ನೋಡಿದ್ದಕ್ಕ ಕೂಡಲಿಲ್ಲ ಅಂದ್ರ ಅವರ ಮಾತ ಹಿಡೀರಿ. ರಂಪಣಿ, ಅಂದ್ರ ದಂಡಿಯಿಂದ ಮಂದಿ ಕೂಡಿ ಎಳಿಯೂ ದೊಡ್ಡ ಬಲಿ, ಎಳಿಯೂವಾಗ ಹತ್ತಿರ ನಿಂತು ನೋಡಬಹುದು, ಹಗ್ಗದ ಒಳಗ ಹುಡುಗರು ಹೋಗಬಾರದು.

ಒಯ್ಯೂದು ಏನು ಅಂದ್ರ ನೀರು ಭಾಳ ಒಯ್ರಿ. ನಮ್ಮ ಬಿಸಲು ಉಂಡವರಿಗೆ ಅಲ್ಲಿ 32 ಡಿಗ್ರಿ ಏನು ಮಹಾ ಅನಸತೈತಿ, ಆದ್ರ ಆ ಹವಾಕ್ಕ ಬೆವರು ಆರೂದಿಲ್ಲ, ಮೈ ತಣ್ಣಗಾಗೂದಿಲ್ಲ, ಗೊತ್ತಾಗದಂಗ ನಿತ್ರಾಣ ಆಗತೈತಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ರ ಊಟದ ಚಿಂತಿ ಇಲ್ಲ. ಓಆರ್‌ಎಸ್ ಪಾಕೀಟು ಇರಲಿ. ಜೆಲ್ಲಿ ಮೀನು ತಾಗಿ ಉರಿ ಬಂದ್ರ ಉಸುಕು ಹಚ್ಚಿ ತಿಕ್ಕಬ್ಯಾಡ್ರಿ, ಸಿಹಿನೀರೂ ಹಾಕಬ್ಯಾಡ್ರಿ, ಕಡಲ ನೀರಿನಿಂದಾನ ತೊಳದು, ಆಮ್ಯಾಲೆ ತಡಕೊಳ್ಳೂವಷ್ಟು ಬಿಸಿ ನೀರಿನ ಕಾವು ಕೊಡ್ರಿ, ಉಸಿರಾಟ ಕಷ್ಟ ಆದ್ರ ದವಾಖಾನಿ.

ಗಾಡಿ ದಂಡಿತನಕ ಹೋಗತೈತೇನು ಅಂದ್ರಿ. ದಿಬ್ಬದ ಹಿಂದಿನ ಗಟ್ಟಿ ನೆಲದಾಗ ನಿಲ್ಲಸ್ರಿ. ಕ್ರೂಸರ್ ಒಣ ಉಸುಕಿನ್ಯಾಗ ಹತ್ತು ಹೆಜ್ಜಿ ಹೋಗೂದ್ರಾಗ ಗಾಲಿ ಹೂತು ಹೋಗತೈತಿ, ಹಸಿ ಉಸುಕಿನ ಮ್ಯಾಲೆ ಇಳಿಸಿದ್ರ ಭರತಿ ಬಂದು ಗಾಡೀನ ಹೋಗತೈತಿ, ಮತ್ತ ಗಾಲಿ ಅಡ್ಯಾಗ ಆಮೆ ತತ್ತಿ, ಅಡುಂಬು ಬಳ್ಳಿ ಎರಡೂ ಹಾಳಾಗತಾವ. ಗೋವಾದಾಗಂತೂ ಪೊಲೀಸರು ಕೇಸ್ ಹಾಕತಾರ. ಅತ್ತಿಯವರಿಗೆ ದಿಬ್ಬ ದಾಟಿ ನಡಿಯೂದು ಕಷ್ಟ ಆಗೂಹಂಗಿದ್ರ ಕಾಸರಕೋಡಿನ ಬೀಚಿಗೇ ಹೋಗ್ರಿ. ತಾರೀಖು ಗಟ್ಟಿ ಆದ ಮ್ಯಾಲೆ ಯಾವ ದಿನ, ಯಾವ ದಂಡಿ ಅಂತ ಬರೀರಿ, ಆ ದಿನದ ಭರತಿ ವ್ಯಾಳ್ಯಾ ನೋಡಿ ಎಷ್ಟು ಗಂಟೆಗೆ ಹೋಗಿ ಎಷ್ಟಕ್ಕ ಏಳಬೇಕು ಅಂತ ಹೇಳ್ತೀನಿ.